ಅಪ್ಪನ ಹೆಸರು ಬಿಟ್ಟು ಹಾಕಿದ ಸಹಿ

2016ರ ಜುಲೈ. ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ನಮ್ಮಲ್ಲಿಗೆ ಬಂದಿದ್ದರು. ಮನೆಗೆ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲು ಬಂತು. ನಾನು ಟಪಾಲನ್ನೆಲ್ಲ ಡೈನಿಂಗ್ ಟೇಬಲ್ ಮೇಲೆ ಹಾಕಿ ಆಫೀಸ್ ಮೀಟಿಂಗಿಗೆ ಕೂತೆ. ಎದ್ದು ಬಂದು ನೋಡಿದರೆ ಅಪ್ಪ ಆ ಬಿಲ್ಲನ್ನು ಬಿಡಿಸಿ, ಕನ್ನಡಕ ಹಾಕಿಕೊಂಡು, ಪಕ್ಕದಲ್ಲಿ ಹಳೇ ವರ್ಷದ ಬಿಲ್ಲನ್ನೂ ಇಟ್ಟುಕೊಂಡು ಕೂತಿದ್ದಾರೆ. ಹಳೇ ಬಿಲ್ಲು ಎಲ್ಲಿಂದ ಸಿಕ್ಕಿತೋ ದೇವರಿಗೇ ಗೊತ್ತು.

"ಪುಟ್ಟಿ, ಇವರು ಕಂದಾಯ ಯಾಕೆ ಇಷ್ಟು ಜಾಸ್ತಿ ಮಾಡಿದ್ದಾರೆ?"

ಅಪ್ಪ ತುಮಕೂರು ಕಡೆಯ ಒಂದು ಪುರಸಭೆಯಲ್ಲಿ ಮೂವತ್ತೊಂದು ವರ್ಷ ಬಿಲ್ ಕಲೆಕ್ಟರ್ ಆಗಿದ್ದವರು. ಬೇರೆಯವರು ಅಮೆರಿಕಕ್ಕೆ ಬಂದರೆ ನಯಾಗರ ನೋಡಬೇಕು ಅಂತಾರೆ. ಇವರಿಗೆ ಇಲ್ಲಿನ ಮನೆ ಕಂದಾಯ ಯಾವ ಲೆಕ್ಕದಲ್ಲಿ ಹಾಕ್ತಾರೆ ಅಂತ ತಿಳಿಯಬೇಕು.

ನಮ್ಮ ಮನೆ ಇರುವುದು ಮೇರಿಲ್ಯಾಂಡಿನ ಜರ್ಮನ್‌ಟೌನ್‌ನಲ್ಲಿ. ಹೆಸರಿಗೆ ಟೌನ್. ಆದರೆ ಪುರಸಭೆ ಇಲ್ಲ, ಮೇಯರ್ ಇಲ್ಲ. ಸ್ಕೂಲಿನ ದುಡ್ಡು, ಲೈಬ್ರರಿ, ಬೀದಿ ರಸ್ತೆ, ಚಳಿಗಾಲದಲ್ಲಿ ಹಿಮ ತೆಗೆಸುವುದು, ಎಲ್ಲಾ ಮಾಂಟ್‌ಗೊಮರಿ ಕೌಂಟಿಯದ್ದೇ. ಕೌಂಟಿ ಅಂದರೆ ನಮ್ಮ ಕಡೆಯ ಜಿಲ್ಲೆ ಇದ್ದಹಾಗೆ. ಇದು ಹತ್ತು ಲಕ್ಷ ಜನರ ಕೌಂಟಿ. ರಾಕ್‌ವಿಲ್‌ನಲ್ಲಿ ಕೌನ್ಸಿಲ್ ಕೂರುತ್ತದೆ. ಆಗ ಒಂಬತ್ತು ಸದಸ್ಯರು. ಐದು ಜನ ಒಂದೊಂದು ಡಿಸ್ಟ್ರಿಕ್ಟಿನಿಂದ, ನಾಲ್ಕು ಜನ ಇಡೀ ಕೌಂಟಿಯಿಂದ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಎಷ್ಟು ಸಲ ಬೇಕಾದರೂ ನಿಲ್ಲಬಹುದಿತ್ತು.

ಆ ಮೇ ತಿಂಗಳಲ್ಲಿ ಒಂಬತ್ತೂ ಜನ ಸೇರಿ ಟ್ಯಾಕ್ಸನ್ನು ಸರಾಸರಿ ಶೇಕಡಾ 8.7ರಷ್ಟು ಏರಿಸಿದ್ದರು. ಒಂಬತ್ತೂ ಜನ ಅಂದದ್ದಕ್ಕೆ ಕಾರಣ ಇದೆ. ಕೌಂಟಿಗೆ ಸಂವಿಧಾನ ಇದ್ದಹಾಗಿರುವ ಚಾರ್ಟರ್‌ನಲ್ಲಿರುವ ಮಿತಿ ದಾಟಿ ಟ್ಯಾಕ್ಸ್ ಹಾಕಬೇಕಾದರೆ ಪ್ರತಿಯೊಬ್ಬ ಸದಸ್ಯರೂ ಒಪ್ಪಲೇಬೇಕು ಅಂತ 2008ರಲ್ಲಿ ಜನ ಮತ ಹಾಕಿ ಕಾನೂನು ಮಾಡಿದ್ದರು. ಮಾಡಿಸಿದವರು ರಾಬಿನ್ ಫಿಕರ್ ಅನ್ನುವ ಲಾಯರು. ಟ್ಯಾಕ್ಸ್ ಏರಿಸುವುದು ಕಷ್ಟ ಆಗಲಿ ಅಂತ ಮಾಡಿಸಿದ್ದು. ಆದರೆ ಎಂಟು ವರ್ಷದ ಮೇಲೆ ಅದರಿಂದ ಇನ್ನೊಂದು ಕೆಲಸ ಆಯಿತು ಅಂತ ನನಗೆ ಅನಿಸುತ್ತದೆ. ಏರಿಸಿದಾಗ "ನಾನಂತೂ ಬೇಡ ಅಂದಿದ್ದೆ" ಅನ್ನುವುದಕ್ಕೆ ಒಬ್ಬ ಸದಸ್ಯರೂ ಉಳಿಯಲಿಲ್ಲ. ಜನರ ಸಿಟ್ಟು ಒಂಬತ್ತು ಕುರ್ಚಿಗೂ ಸಮ ಸಮ ಹಂಚಿಹೋಯಿತು.

ಅದೇ ಫಿಕರ್ ಆ ಬೇಸಿಗೆಯಲ್ಲಿ ಇನ್ನೊಂದು ಅರ್ಜಿ ಹಿಡಿದು ಓಡಾಡುತ್ತಿದ್ದರು. ಕೌನ್ಸಿಲ್ ಸದಸ್ಯರೂ, ಜನರೇ ಆರಿಸಿ ಕೌಂಟಿಯ ಆಡಳಿತ ನಡೆಸುವುದಕ್ಕೆ ಕೂರಿಸುವ ಕೌಂಟಿ ಎಕ್ಸಿಕ್ಯೂಟಿವ್ ಕೂಡ ಸತತವಾಗಿ ಮೂರು ಅವಧಿಗಿಂತ ಜಾಸ್ತಿ ಇರಬಾರದು ಅಂತ. ಇಲ್ಲಿಯವರು ಟರ್ಮ್ ಲಿಮಿಟ್ ಅಂತಾರೆ. 2000ರಲ್ಲಿ, 2004ರಲ್ಲಿ ಎರಡು ಸಲ ಇದೇ ಪ್ರಶ್ನೆ ಜನರ ಮುಂದೆ ಬಂದು ಸೋತಿತ್ತು. ಮನುಷ್ಯ ಬಿಟ್ಟಿರಲಿಲ್ಲ. ಹಿಂದೆ ವಾಷಿಂಗ್ಟನ್ ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಎದುರು ತಂಡದ ಬೆಂಚಿನ ಹಿಂದೆಯೇ ಕೂತು, ಆಟಗಾರರ ತಲೆ ಕೆಡುವ ಹಾಗೆ ಕೂಗಿ ಕೂಗಿ ದೇಶಕ್ಕೆಲ್ಲ ಹೆಸರಾಗಿದ್ದರಂತೆ. ಅಂಥವರಿಗೆ ಎರಡು ಸೋಲು ಯಾವ ಲೆಕ್ಕ.

ಶನಿವಾರ ದಿನಸಿ ತರುವುದಕ್ಕೆ ಅಪ್ಪನನ್ನೂ ಕರೆದುಕೊಂಡು ಹೋದೆ. ಅಂಗಡಿ ಬಾಗಿಲ ಹತ್ತಿರ ಮಡಿಸುವ ಮೇಜು ಹಾಕಿಕೊಂಡು ಹ್ಯಾಟು ಹಾಕಿದ ಅಜ್ಜ ಒಬ್ಬರು ನಿಂತಿದ್ದರು. ಮೇಜಿನ ಮೇಲೆ ರಟ್ಟಿಗೆ ಸಿಕ್ಕಿಸಿದ ಹಾಳೆ, ದಾರ ಕಟ್ಟಿದ ಪೆನ್ನು. ಗಾಳಿಗೆ ಹಾಳೆ ಹಾರದಿರಲಿ ಅಂತ ಎರಡು ಟೊಮ್ಯಾಟೊ ಸೂಪಿನ ಡಬ್ಬಿ. ನಾನು ಬಂಡಿ ತಳ್ಳಿಕೊಂಡು ಸುಮ್ನೆ ಹೋಗುವವಳೇ. ಅಪ್ಪ ನಿಂತುಬಿಟ್ಟರು. ದಾರ ಕಟ್ಟಿದ ಪೆನ್ನು ನೋಡಿ ಅವರಿಗೆ ಆಫೀಸು ನೆನಪಾಯಿತಂತೆ.

ನಾನು ವಿಷಯ ಹೇಳಿದೆ. ಹತ್ತು ಸಾವಿರ ಜನ ಸಹಿ ಹಾಕಿದರೆ ಈ ಪ್ರಶ್ನೆ ನವೆಂಬರಿನ ಬ್ಯಾಲೆಟ್ ಮೇಲೆ ಬರುತ್ತದೆ, ಜನ ಹೌದು ಅಂದರೆ ಕಾನೂನು ಆಗುತ್ತದೆ ಅಂತ. ಮೇರಿಲ್ಯಾಂಡಿನ ಸಂವಿಧಾನದಲ್ಲೇ ಹಾಗಿದೆ. ಕೌಂಟಿಯ ಮತದಾರರಲ್ಲಿ ಶೇಕಡಾ 20 ಜನ ಸಹಿ ಹಾಕಬೇಕು, ಆದರೆ ಎಷ್ಟೇ ದೊಡ್ಡ ಕೌಂಟಿ ಆದರೂ ಹತ್ತು ಸಾವಿರ ಸಾಕು.

ಅಪ್ಪ ನಂಬಲಿಲ್ಲ. "ಅರ್ಜಿ ಅಂದ್ರೆ ಜನ ಕೊಡೋದು, ನಾವು ಇನ್‌ವರ್ಡ್ ನಂಬರ್ ಹಾಕಿ ಇಡೋದು. ಕೌನ್ಸಿಲ್‌ನವರು ಒಪ್ಪದೇ ಹೋದ್ರೆ?"

"ಅವರು ಒಪ್ಪೋದೇ ಬೇಕಿಲ್ಲ ಅಪ್ಪ."

"ಅವರ ಕುರ್ಚಿ ವಿಷಯ, ಅವರನ್ನೇ ಕೇಳದೆ?"

"ಕೇಳದೆ."

ಅಪ್ಪ ಸ್ವಲ್ಪ ಹೊತ್ತು ಆ ಸೂಪಿನ ಡಬ್ಬಿಗಳನ್ನೇ ನೋಡಿದರು. ಆಮೇಲೆ "ಎಲ್ಲಿ, ನಾನೂ ಹಾಕ್ತೀನಿ" ಅಂದರು. ಮತದಾರರೇ ಹಾಕಬೇಕು ಅಂತ ಹೇಳಿದ್ದಕ್ಕೆ ಮುಖ ಸಣ್ಣ ಮಾಡಿಕೊಂಡರು.

ನಾನು ಹಾಕಿದೆ. ಯಾಕೆ ಹಾಕಿದೆ ಅಂದರೆ, ಟರ್ಮ್ ಲಿಮಿಟ್ ಒಳ್ಳೇದೋ ಕೆಟ್ಟದ್ದೋ ಅಂತ ಯೋಚಿಸಿ ಅಲ್ಲ. ಟ್ಯಾಕ್ಸ್ ಬಿಲ್ಲಿನ ಸಿಟ್ಟಿಗೆ. ಆ ದುಡ್ಡಿನಲ್ಲಿ ದೊಡ್ಡ ಪಾಲು ಸ್ಕೂಲಿಗೆ, ತರಗತಿಯಲ್ಲಿ ಮಕ್ಕಳ ಸಂಖ್ಯೆ ಕಮ್ಮಿ ಮಾಡುವುದಕ್ಕೆ ಅಂತಲೇ ಇತ್ತು. ನನ್ನ ಮಗ ಅಂಥದ್ದೇ ಕಿಕ್ಕಿರಿದ ತರಗತಿಯಲ್ಲಿದ್ದ. ಸ್ಕೂಲಿನ ಪೋಷಕರ ಸಭೆಯಲ್ಲಿ ಮಕ್ಕಳು ಜಾಸ್ತಿ ಆದರು ಅಂತ ಕೈ ಎತ್ತಿ ಮಾತಾಡಿದ್ದವಳೂ ನಾನೇ. ಬಿಲ್ಲು ಬಂದಾಗ ಮಾತ್ರ ಅದೆಲ್ಲ ಮರೆತುಹೋಯಿತು.

ಕಾರಿನಲ್ಲಿ ಅಪ್ಪ ತಮ್ಮ ಪುರಸಭೆಯ ಕಥೆ ತೆಗೆದರು. ಒಬ್ಬ ಮೆಂಬರ್ ಇದ್ದರಂತೆ, ಗೆದ್ದು ಗೆದ್ದು ಬೇರು ಬಿಟ್ಟವರು. "ನಮ್ಮಲ್ಲಿ ಸಹಿ ಗಿಹಿ ಯಾಕೆ, ಮೀಸಲಾತಿ ಪಟ್ಟಿ ಬಂದ್ರೆ ಸಾಕು. ವಾರ್ಡು ಒಂದು ಸಲ ಜನರಲ್, ಒಂದು ಸಲ ಹಿಂದುಳಿದ ವರ್ಗ, ಒಂದು ಸಲ ಮಹಿಳೆ. ತಿರುಗ್ತಾ ಇರುತ್ತೆ. ಪಾಪ, ಗೆದ್ದೋರಿಗೆ ಮುಂದಿನ ಸಲ ಅದೇ ವಾರ್ಡು ಸಿಗುತ್ತೋ ಇಲ್ವೋ ಅವರಿಗೇ ಗೊತ್ತಿರಲ್ಲ." ಆ ಮೆಂಬರ್ ವಾರ್ಡು ಮಹಿಳೆಗೆ ಹೋದಾಗ ಅವರ ಹೆಂಡತಿ ನಿಂತು ಗೆದ್ದರಂತೆ. ಮೀಟಿಂಗಿಗೆ ಬಂದು ಕೂರುತ್ತಿದ್ದದ್ದು ಯಜಮಾನರೇ. ಕಾಫಿ ಅವರಿಗೇ, ಗಲಾಟೆ ಅವರದ್ದೇ. ಹಾಜರಾತಿ ಪುಸ್ತಕ ಮಾತ್ರ ಜವಾನನ ಕೈಯಲ್ಲಿ ಮನೆಗೆ ಹೋಗಿ, ಆ ಯಮ್ಮ ಒಲೆ ಮುಂದೆ ಕೂತು ಸಹಿ ಹಾಕಿ ಕಳಿಸೋರಂತೆ. "ಒಂದೊಂದು ಸಲ ಹಾಳೆ ಮೇಲೆ ಅರಿಶಿನದ ಬೆರಳು ಇರ್ತಿತ್ತು" ಅಂದರು ಅಪ್ಪ. ಎರಡನೇ ಸಲ ಆ ಯಮ್ಮ ತಾವೇ ಬಂದು ಕೂತರಂತೆ. ಗಂಡನಿಗೆ ಹೊರಗಡೆ ಬೆಂಚು. ಅದನ್ನು ಹೇಳುವಾಗ ಅಪ್ಪನಿಗೆ ಭಾರೀ ಖುಷಿ.

ಆಗಸ್ಟಿನಲ್ಲಿ ಅರ್ಜಿ ಸಲ್ಲಿಕೆಯಾಯಿತು. ಹತ್ತು ಸಾವಿರ ಬೇಕಿದ್ದಲ್ಲಿ ಸಾವಿರಾರು ಸಹಿ ಜಾಸ್ತಿಯೇ ಇತ್ತು. ಆಮೇಲೆ ಕೋರ್ಟಿಗೂ ಹೋಯಿತು. ಎಷ್ಟೋ ಸಹಿ ನಿಯಮದ ಪ್ರಕಾರ ಇಲ್ಲ, ಇದನ್ನು ಬ್ಯಾಲೆಟ್ಟಿಗೆ ಹಾಕಬಾರದು ಅಂತ. ಜಡ್ಜ್ ಒಪ್ಪಲಿಲ್ಲ, ಪ್ರಶ್ನೆ ಉಳಿಯಿತು. ಆದರೆ ಆ ಸುದ್ದಿ ಓದಿ ನನಗೆ ಕುತೂಹಲ ಆಯಿತು. ನಿಯಮ ಅಂದರೆ ಏನು ಅಂತ ಹುಡುಕಿ ಓದಿದೆ. ಓದಿದವಳು ತಲೆ ಮೇಲೆ ಕೈ ಇಟ್ಟುಕೊಂಡೆ.

ಮತದಾರರ ಪಟ್ಟಿಯಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಬೇಕು. ಇಲ್ಲದಿದ್ದರೆ ಕೊನೇ ಹೆಸರು ಪೂರ್ತಿ, ಒಂದು ಹೆಸರು ಪೂರ್ತಿ, ಮಿಕ್ಕ ಹೆಸರುಗಳ ಇನಿಷಿಯಲ್ ಆದರೂ ಇರಬೇಕು. ಇನಿಷಿಯಲ್ ಬಿಟ್ಟರೆ ಸಹಿ ಲೆಕ್ಕಕ್ಕಿಲ್ಲ. ಇದೇ ಕೌಂಟಿಯ ಇನ್ನೊಂದು ಅರ್ಜಿಯ ಕೇಸಿನಲ್ಲಿ 2008ರಲ್ಲಿ ರಾಜ್ಯದ ದೊಡ್ಡ ಕೋರ್ಟೇ ಈ ನಿಯಮವನ್ನು ಕಟ್ಟುನಿಟ್ಟಾಗಿ ನೋಡಬೇಕು ಅಂದಿತ್ತು.

ನನ್ನ ಹೆಸರಿನ ಕಥೆ ಕೇಳಿ. ಸ್ಕೂಲಿನಲ್ಲಿ ಎನ್. ಸುಧಾ. ಎನ್ ಅಂದರೆ ನಂಜುಂಡಯ್ಯ, ಅಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕು ಅಂದರು, ನಂಜುಂಡಯ್ಯ ಸುಧಾ ಆದೆ. ಮದುವೆ ಆದಮೇಲೆ ಗಂಡನ ಹೆಸರು ಬಂದು ಸೇರಿತು. ಅಮೆರಿಕದ ಸಿಟಿಜನ್ ಆಗುವಾಗ ಕೂತು ಎಲ್ಲ ಸರಿ ಮಾಡಿಕೊಂಡದ್ದು ಸುಧಾ ನಂಜುಂಡಯ್ಯ ಪ್ರಕಾಶ್. ಪ್ರಕಾಶ್ ಅನ್ನುವುದು ನಮ್ಮ ಮನೆತನದ ಹೆಸರೇನಲ್ಲ, ಒಳಗೆ ಸೋಫಾ ಮೇಲೆ ಮಲಗಿರುವ ಮನುಷ್ಯನ ಹೆಸರು. ಆದರೂ ಇಲ್ಲಿ ಅದೇ ಸರ್‌ನೇಮ್. ಈಗ ನಮ್ಮ ಮಗನದ್ದೂ ಅದೇ.

ಅವತ್ತು ಅಂಗಡಿ ಮುಂದೆ ನಾನು ಬರೆದದ್ದು ಸುಧಾ ಪ್ರಕಾಶ್. ಎನ್ ಇಲ್ಲ. ಅಂದರೆ ನನ್ನ ಸಹಿ ಎಣಿಕೆಗೆ ಬಂದಿರಲಾರದು.

ಅಪ್ಪನಿಗೆ ಹೇಳಬಾರದಿತ್ತು, ಹೇಳಿದೆ. "ನನ್ನ ಹೆಸರು ಬಿಟ್ಟೆಯಲ್ಲ, ಅದಕ್ಕೇ ಆಗಿರೋದು" ಅಂದರು. ಆವತ್ತು ಸಂಜೆ ಊರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೂ ಹೇಳಿದರು. ಇವತ್ತಿಗೂ ಹೇಳುತ್ತಾರೆ.

ನವೆಂಬರ್ ಎಂಟಕ್ಕೆ ಮತ ಹಾಕಲು ಅಪ್ಪನೂ ಜೊತೆಗೆ ಬಂದರು. ಸ್ಕೂಲಿನ ಆಟದ ಹಾಲ್. ಬೆರಳಿಗೆ ಶಾಯಿ ಹಾಕಲ್ಲ, ಸ್ಟಿಕ್ಕರ್ ಕೊಡ್ತಾರೆ ಅಂತ ಅವರಿಗೆ ಬೇಜಾರು. ಬ್ಯಾಲೆಟ್ಟಿನ ಮೇಲಿನ ತುದಿಯಲ್ಲಿ ಟ್ರಂಪ್, ಕ್ಲಿಂಟನ್. ಪ್ರಶ್ನೆಗಳು ಕೊನೆಯಲ್ಲಿ. ಟರ್ಮ್ ಲಿಮಿಟ್ಟಿನದ್ದು ಕ್ವೆಶ್ಚನ್ ಬಿ. ಹೌದು ಅನ್ನುವ ಗುಂಡಿ ತುಂಬಿದೆ. ಶೇಕಡಾ 70ರ ಹತ್ತಿರ ಜನ ಅದನ್ನೇ ತುಂಬಿದ್ದರು. ಎರಡು ಸಲ ಸೋತ ಪ್ರಶ್ನೆ ಈ ಸಲ ಹಾಗೆ ಗೆದ್ದಿತು. ಆ 8.7 ಇರದಿದ್ದರೆ ಇಷ್ಟು ಮತ ಬರುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ.

ಮಜಾ ಇರುವುದು ಆಮೇಲೆ.

2018ಕ್ಕೆ ಕೌನ್ಸಿಲ್‌ನ ನಾಲ್ವರು ಮತ್ತೆ ಅದೇ ಕುರ್ಚಿಗೆ ನಿಲ್ಲುವ ಹಾಗಿರಲಿಲ್ಲ. ಮಾರ್ಕ್ ಎಲ್ರಿಚ್, ನ್ಯಾನ್ಸಿ ಫ್ಲೋರೀನ್, ಜಾರ್ಜ್ ಲೆವೆಂಥಾಲ್, ರೋಜರ್ ಬರ್ಲಿನರ್. ನಾಲ್ವರನ್ನೂ ಮನೆಗೆ ಕಳಿಸಿದೆವು ಅಂತ ನಾವು ಅಂದುಕೊಂಡಿದ್ದೆವು. ನಾಲ್ವರೂ ಕೌಂಟಿ ಎಕ್ಸಿಕ್ಯೂಟಿವ್ ಹುದ್ದೆಗೆ ನಿಂತರು! ಒಬ್ಬರೂ ಬಾಕಿ ಇಲ್ಲ. ಮೂವರು ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸುವ ಮೊದಲ ಸುತ್ತಿನ ಚುನಾವಣೆಯಲ್ಲಿ, ಫ್ಲೋರೀನ್ ಆಮೇಲೆ ಪಕ್ಷ ಬಿಟ್ಟು ಸ್ವತಂತ್ರವಾಗಿ. ಅರ್ಜಿ ಮಾಡಿಸಿದ ಫಿಕರ್ ಕೂಡ ರಿಪಬ್ಲಿಕನ್ ಅಭ್ಯರ್ಥಿಯಾಗಿ ಅದೇ ಹುದ್ದೆಗೆ ಬಂದರು. ಮುಂಬಾಗಿಲು ಹಾಕಿದರೆ ಬೀದಿಯವರೆಲ್ಲ ಹಿತ್ತಲ ಬಾಗಿಲಲ್ಲಿ ನಿಂತಹಾಗೆ ಆಯಿತು.

ಇತ್ತ ಕೌನ್ಸಿಲ್ ಕಡೆ ಇನ್ನೊಂದು ಜಾತ್ರೆ. ಇಡೀ ಕೌಂಟಿಯಿಂದ ಆರಿಸುವ ನಾಲ್ಕು ಸ್ಥಾನಗಳಲ್ಲಿ ಮೂರು ಖಾಲಿ. ಅದಕ್ಕೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತವರು 33 ಜನ. ಬರೀ ಟರ್ಮ್ ಲಿಮಿಟ್ಟಿನಿಂದ ಇಷ್ಟು ಜನ ಬಂದರು ಅಂದರೆ ತಪ್ಪಾಗುತ್ತದೆ. ಆ ವರ್ಷವೇ ಕೌಂಟಿಯ ಇನ್ನೊಂದು ಯೋಜನೆ ಮೊದಲ ಸಲ ಜಾರಿಗೆ ಬಂದಿತ್ತು. ದೊಡ್ಡ ಕುಳಗಳ ದುಡ್ಡು ಮುಟ್ಟದೆ, ಜನರಿಂದ ತಲಾ 150 ಡಾಲರ್ ಒಳಗೆ ಮಾತ್ರ ತೆಗೆದುಕೊಳ್ಳುತ್ತೇನೆ ಅಂತ ಅಭ್ಯರ್ಥಿ ಒಪ್ಪಿದರೆ, ಕೌಂಟಿಯ ಜನ ಕೊಟ್ಟದ್ದರ ಮೇಲೆ ಕೌಂಟಿ ತನ್ನ ಪಾಲು ಹಾಕಿ ಕೊಡುತ್ತಿತ್ತು. ಕುರ್ಚಿಯೂ ಖಾಲಿ, ಕೈಗೆ ಸ್ವಲ್ಪ ದುಡ್ಡೂ ಸಿಗುತ್ತೆ ಅಂದಮೇಲೆ ಮೇಷ್ಟ್ರು, ಲಾಯರು, ಸಂಘ ಸಂಸ್ಥೆ ನಡೆಸುವವರು ಎಲ್ಲಾ ಬಂದರು.

ನಮ್ಮ ಮನೆ ಬಾಗಿಲಿಗೆ ಅದುವರೆಗೂ ಒಬ್ಬ ಅಭ್ಯರ್ಥಿಯೂ ಬಂದಿರಲಿಲ್ಲ. ಆ ಏಪ್ರಿಲ್ ಮೇ ತಿಂಗಳಲ್ಲಿ ಏಳು ಜನ ಬಂದರು. ಒಬ್ಬ ಹುಡುಗಿ ಮಳೆಯಲ್ಲಿ ನೆಂದು ಬಂದಿದ್ದಳು. ಒಳಗೆ ಕರೆದು ಕಾಫಿ ಕೊಟ್ಟೆ. ಸ್ಟೀಲ್ ಲೋಟ ಹಿಡಿಯುವುದಕ್ಕೆ ಬಾರದೆ ಅಂಗಿಯ ತೋಳು ಎಳೆದುಕೊಂಡು ಹಿಡಿದಳು. ಕನ್ನಡ ಸಂಘದ ಯುಗಾದಿ ಊಟಕ್ಕೂ ಇಬ್ಬರು ಬಂದರು. ಒಬ್ಬರು ಬೇವು ಬೆಲ್ಲವನ್ನು ಸ್ವೀಟ್ ಅಂದುಕೊಂಡು ಒಂದು ದೊಡ್ಡ ಚಮಚ ಬಾಯಿಗೆ ಹಾಕಿಕೊಂಡರು. ಉಗುಳಲಿಲ್ಲ. ಅವರಿಗೆ ನನ್ನ ಒಂದು ಮತ ಆವಾಗಲೇ ಗ್ಯಾರಂಟಿ ಆಯಿತು.

(ಸಂಘದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನಮ್ಮ ಸಂಘದಲ್ಲಿ ಟರ್ಮ್ ಲಿಮಿಟ್ ಇಟ್ಟರೆ ಮಾರನೇ ದಿನವೇ ಬಾಗಿಲು ಹಾಕಬೇಕು. ಖಜಾಂಚಿ ಆಗಿ ಅಂದರೆ ಎಲ್ಲರಿಗೂ ಅವತ್ತೇ ಬೆನ್ನು ನೋವು.)

ಪ್ರೈಮರಿಯಲ್ಲಿ ಮತ ಹಾಕಬೇಕಾದರೆ ಇಲ್ಲಿ ಆ ಪಕ್ಷಕ್ಕೇ ಹೆಸರು ನೋಂದಾಯಿಸಿರಬೇಕು. ನಾನು ಯಾವ ಪಕ್ಷಕ್ಕೂ ಸೇರದವಳು. ಈ ಕೌಂಟಿಯಲ್ಲಿ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಗೆದ್ದವರೇ ಹೆಚ್ಚೂಕಮ್ಮಿ ಗೆದ್ದ ಹಾಗೆ. ಹಾಗಾಗಿ ಹೆಸರು ಬದಲಾಯಿಸಿಕೊಂಡೆ. ಫಾರಂ ತುಂಬುವಾಗ ನಂಜುಂಡಯ್ಯ ಅಂತ ಒಂದೊಂದೇ ಅಕ್ಷರ ಎಣಿಸಿ ಬರೆದೆ. ಜೂನ್ 26ಕ್ಕೆ ಹೋದರೆ ಹಾಳೆ ತುಂಬಾ ಹೆಸರು. 33ರಲ್ಲಿ ನಾಲ್ಕು ಆರಿಸಬೇಕು. ದಿನಸಿ ಚೀಟಿ ಥರ ಬರೆದು ತಂದಿದ್ದೆ. ಆದರೂ ಸಾಲು ಹಿಡಿದು ಹುಡುಕುವುದರಲ್ಲಿ ಕಣ್ಣು ಕತ್ತಲೆ ಬಂತು. ಪಕ್ಕದ ಹೆಂಗಸು ಜೋರಾಗಿ ನಿಟ್ಟುಸಿರು ಬಿಟ್ಟಳು. ಗೆದ್ದ ನಾಲ್ವರಲ್ಲಿ ಹಳಬರು ಹ್ಯಾನ್ಸ್ ರೀಮರ್ ಒಬ್ಬರೇ. ಮೂವರು ಹೊಸಬರು.

ಎಕ್ಸಿಕ್ಯೂಟಿವ್ ಪ್ರೈಮರಿಯಲ್ಲಿ ಎಲ್ರಿಚ್ ಗೆದ್ದರು, ಡೇವಿಡ್ ಬ್ಲೇರ್ ಅನ್ನುವ ಉದ್ಯಮಿಯ ಮೇಲೆ. ಅಂತರ 77 ಮತ. ಹತ್ತು ಲಕ್ಷ ಜನರ ಊರಿನಲ್ಲಿ 77! ನವೆಂಬರಿನಲ್ಲಿ ಫ್ಲೋರೀನ್ ಅವರನ್ನೂ ಫಿಕರ್ ಅವರನ್ನೂ ಸುಲಭವಾಗಿ ಸೋಲಿಸಿದರು. ಅಂದರೆ ಹನ್ನೆರಡು ವರ್ಷ ಆಯ್ತು, ಸಾಕು ಅಂತ ನಾವು ಎಬ್ಬಿಸಿದವರಲ್ಲಿ ಒಬ್ಬರು ಇನ್ನೂ ದೊಡ್ಡ ಕುರ್ಚಿಯಲ್ಲಿ ಹೋಗಿ ಕೂತರು. ಫೋನಿನಲ್ಲಿ ಅಪ್ಪನಿಗೆ ಹೇಳಿದೆ. "ಅವರಿಗೆ ಹೆಂಡತಿಯನ್ನ ನಿಲ್ಲಿಸೋ ತೊಂದರೆನೂ ತಪ್ತು" ಅಂದರು.

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ನನ್ನ ನಾದಿನಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಅಲ್ಲಿ 1993ರಲ್ಲೇ ಜನ ಎರಡು ಅವಧಿ ಸಾಕು ಅಂತ ಮತ ಹಾಕಿದ್ದರು. 2008ರಲ್ಲಿ ಬ್ಲೂಮ್‌ಬರ್ಗ್ ಮೇಯರ್ ಆಗಿದ್ದಾಗ ಸಿಟಿ ಕೌನ್ಸಿಲ್ಲೇ 29-22 ಮತದಿಂದ ಅದನ್ನು ಮೂರು ಮಾಡಿಕೊಂಡಿತು. 2010ರಲ್ಲಿ ಜನ ಮತ್ತೆ ಎರಡಕ್ಕೆ ಇಳಿಸಿದರು. ನಮ್ಮಲ್ಲಿ ಹಾಗೆ ಮಾಡುವ ದಾರಿ ಕೌನ್ಸಿಲ್‌ಗೆ ಇಲ್ಲ. ಚಾರ್ಟರ್ ತಿದ್ದಬೇಕಾದರೆ ಜನರ ಮತವೇ ಬೇಕು. ಬೆಂಗಳೂರಿನ ಅಕ್ಕನಿಗೆ ನಮ್ಮಿಬ್ಬರ ಮಾತು ಕೇಳಿ ನಗು. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಐದು ವರ್ಷ ದಾಟಿದರೂ ಅವಳ ವಾರ್ಡಿಗೆ ಕಾರ್ಪೊರೇಟರ್ ಇರಲಿಲ್ಲ. "ನಿಮಗೆ ಕೂತೋರು ಏಳಲ್ಲ ಅಂತ ಚಿಂತೆ. ನಮ್ಮ ಬೀದಿ ಮೋರಿ ಕಟ್ಟಿಕೊಂಡ್ರೆ ಬೈಯೋದಕ್ಕೂ ಒಬ್ಬರಿಲ್ಲ ಕಣೇ" ಅಂದಳು.

2022ರಲ್ಲಿ ಎಲ್ರಿಚ್, ಬ್ಲೇರ್ ಮತ್ತೆ ಎದುರುಬದುರು. ಮರುಎಣಿಕೆ ಮುಗಿದಾಗ ಎಲ್ರಿಚ್ 32 ಮತದಿಂದ ಗೆದ್ದಿದ್ದರು. ಆಮೇಲೆ 2024ರಲ್ಲಿ ಇನ್ನೊಂದು ಅರ್ಜಿ. ಈ ಸಲ ಎಕ್ಸಿಕ್ಯೂಟಿವ್‌ಗೆ ಮಾತ್ರ ಮೂರರ ಬದಲು ಎರಡೇ ಅವಧಿ ಅಂತ.

ಅದೇ ಅಂಗಡಿ, ಬೇರೆ ಮೇಜು. ಸೂಪಿನ ಡಬ್ಬಿ ಇರಲಿಲ್ಲ, ಹಾಳೆಗೆ ಕ್ಲಿಪ್ ಇತ್ತು. ಸಹಿ ಸಂಗ್ರಹಿಸುವ ಹುಡುಗ ತುಂಬಾ ಚೆನ್ನಾಗಿ ಮಾತಾಡಿದ. ನಾನು ಹಾಕಲಿಲ್ಲ. 2016ರಲ್ಲಿ ಸಿಟ್ಟಿಗೆ ಹಾಕಿದ್ದರೂ ಆ ಮೂರು ಅವಧಿಯ ನಿಯಮ ಒಂಬತ್ತು ಜನಕ್ಕೂ ಎಕ್ಸಿಕ್ಯೂಟಿವ್‌ಗೂ ಒಂದೇ ಅಳತೆಯಾಗಿತ್ತು. ಆ ಮಳೆಯಲ್ಲಿ ನೆಂದ ಹುಡುಗಿ ನಮ್ಮ ಮನೆಗೆ ಬಂದದ್ದು ಅದರಿಂದಲೇ. ಇದು ಹಾಗಲ್ಲ. ಇದು ಒಬ್ಬರ ಮೈ ಅಳತೆ ತೆಗೆದು ಹೊಲಿದ ಅಂಗಿ ಥರ ಕಂಡಿತು. ಎಲ್ರಿಚ್ ಬೇಡ ಅನ್ನುವವರು 2026ರಲ್ಲಿ ಅವರ ವಿರುದ್ಧ ಮತ ಹಾಕಲಿ, 32ರ ಅಂತರ ದಾಟುವುದೇನು ಮಹಾ ಕೆಲಸ ಅಲ್ಲ ಅಲ್ವಾ? ನವೆಂಬರಿನಲ್ಲಿ ಬೇಡ ಅಂತ ಮತ ಹಾಕಿ ಬಂದೆ. ಪ್ರಶ್ನೆ ಆರಾಮಾಗಿ ಗೆದ್ದಿತು. ಪ್ರಕಾಶ್ ಹೌದು ಅಂತ ಹಾಕಿದ್ದರು. ಒಂದೇ ಮನೆಯ ಎರಡು ಮತ ಒಂದಕ್ಕೊಂದು ವಜಾ. ವಾಪಸ್ ಬರುವಾಗ ಇಬ್ಬರೂ ಸೇರಿ ಪೆಟ್ರೋಲ್ ಹಾಕಿಸಿಕೊಂಡು ಬಂದೆವು.

ಎಕ್ಸಿಕ್ಯೂಟಿವ್ ಆಗಿ ಮೂರನೇ ಸಲ ನಿಲ್ಲಲು ಆಗದ ಎಲ್ರಿಚ್ 2025ರಲ್ಲಿ ಹೇಳಿದರು, 2026ಕ್ಕೆ ಕೌನ್ಸಿಲ್‌ಗೆ ನಿಲ್ಲುತ್ತೇನೆ ಅಂತ. ತಪ್ಪೇನಿಲ್ಲ. ನಾವು ಸಹಿ ಹಾಕಿದ ಹಾಳೆಯಲ್ಲೇ "ಸತತ" ಅನ್ನುವ ಮಾತಿತ್ತು. ನಡುವೆ ಬಿಡುವು ಕೊಟ್ಟರೆ ಮತ್ತೆ ಬರಬಹುದು. ಆವತ್ತು ಆ ಪದ ನಾನು ಓದಿಯೇ ಇರಲಿಲ್ಲ.

ಈ ಭಾನುವಾರ ಅಪ್ಪನಿಗೆ ಇದನ್ನೂ ಹೇಳಿದೆ. ಈಗ ಎಂಬತ್ತೆರಡು ಅವರಿಗೆ, ಕಿವಿ ಸ್ವಲ್ಪ ಮಂದ. ಎಲ್ಲಾ ಕೇಳಿಸಿಕೊಂಡು ಕೇಳಿದರು, "ಈ ಸಲ ಸಹಿ ಹಾಕುವಾಗ ನನ್ನ ಹೆಸರು ಸೇರಿಸಿದೆ ತಾನೆ?"

ಸಹಿನೇ ಹಾಕಲಿಲ್ಲ ಅಪ್ಪ ಅಂತ ಜೋರಾಗಿ ಎರಡು ಸಲ ಹೇಳಬೇಕಾಯಿತು.